ಕಡತದ ಓದು, ದೋಷದ ನಿವೇದನೆ: ಗಣಕಭಾಷೆಗಳಲ್ಲಿ ಅಪವಾದಕ್ರಮದ ಚರಿತ್ರೆ

೧

ಚರಿತ್ರೆಯ ಅಭ್ಯಾಸಿಗೆ ಆಧಾರಗಳೇ ಬಂಡವಾಳ. ಶಾಸನವಾಗಲಿ, ಓಲೆಯ ಗ್ರಂಥವಾಗಲಿ, ಸರ್ಕಾರದ ಕಾಗದಪತ್ರವಾಗಲಿ, ಯಾವುದನ್ನು ಓದುವಾಗಲೂ ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ಇಲ್ಲಿ ಬರೆದಿರುವುದೇನು ಎಂಬುದು ಒಂದು. ಓದಲಾಗದೆ ಹೋದುದು ಎಷ್ಟು, ಅದು ಎಲ್ಲಿದೆ ಎಂಬುದು ಮತ್ತೊಂದು. ಎರಡನೆಯ ಪ್ರಶ್ನೆಗೆ ಉತ್ತರ ಕೊಡದ ಪಾಠವನ್ನು ವಿದ್ವಾಂಸರು ನಂಬುವುದಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಅವು ೧೯೭೪ರ ಮೂರನೆಯ ಸಂಪುಟದಲ್ಲಿ ಸೇರಿವೆ. ಇಂತಹ ಸಂಪುಟಗಳಲ್ಲಿ ಕಲ್ಲು ಸವೆದು ಅಕ್ಷರ ಕಾಣದಿರುವ ಎಡೆಗೆ ಚುಕ್ಕೆಗಳ ಸಾಲನ್ನು ಹಾಕುವುದು ವಾಡಿಕೆ. ಆ ಚುಕ್ಕೆಗಳು ಸಂಪಾದಕನ ಪ್ರಾಮಾಣಿಕತೆಯ ಗುರುತು. ಅವನ್ನು ತೆಗೆದು ಉಳಿದ ಅಕ್ಷರಗಳನ್ನು ಒಟ್ಟಿಗೆ ಕೂಡಿಸಿಬಿಟ್ಟರೆ ಓದು ಸರಾಗವಾಗುತ್ತದೆ; ಆದರೆ ಆಧಾರ ಹಾಳಾಗುತ್ತದೆ.

ಇಂದು ಆಧಾರಗಳನ್ನು ಮೊದಲು ಓದುವುದು ಮನುಷ್ಯನಲ್ಲ, ಗಣಕಯಂತ್ರ. ಯಂತ್ರಕ್ಕೆ ಓದಲಾಗದ ಎಡೆಯಲ್ಲಿ ಚುಕ್ಕೆಯನ್ನು ಹಾಕುವವರು ಯಾರು? ಓದು ಕೆಟ್ಟಿತೆಂಬ ವಾರ್ತೆ ಯಾರಿಗೆ, ಯಾವ ಮಾರ್ಗವಾಗಿ ತಲಪುತ್ತದೆ? ಗಣಕಭಾಷೆಗಳನ್ನು ರೂಪಿಸಿದವರು ಈ ಪ್ರಶ್ನೆಗೆ ೧೯೬೦ರಿಂದ ಈಚೆಗೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ‘ಅಪವಾದ’ ಎಂದು ಕರೆಯಬಹುದಾದ ಕ್ರಮ ಮುಖ್ಯವಾದುದು. ಅದರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ನಮ್ಮ ದಾಖಲೆಗಳಿಗೆ ಅದರಿಂದ ಏನು ಪ್ರಯೋಜನವೆಂಬುದನ್ನು ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

೨

ವಿಷಯದ ಮಹತ್ವಕ್ಕೆ ನಮ್ಮ ನಾಡಿನ ಭೂದಾಖಲೆಗಳೇ ಸಾಕ್ಷಿ. ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದಿಡುತ್ತಿದ್ದ ಪಹಣಿಗಳನ್ನು ಕರ್ನಾಟಕ ಸರ್ಕಾರದ ಕಂದಾಯ ಇಲಾಖೆ ‘ಭೂಮಿ’ ಯೋಜನೆಯ ಮೂಲಕ ೨೦೦೦ದ ಸುಮಾರಿನಲ್ಲಿ ಗಣಕಕ್ಕೆ ಏರಿಸಿತು. ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳು ಹೀಗೆ ರೂಪಾಂತರಗೊಂಡವು. ತಾಲ್ಲೂಕು ಕಚೇರಿಯಲ್ಲಿ ಗಣಕದ ಪಹಣಿ ದೊರೆಯತೊಡಗಿದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಗೂ ಅದರ ಗುಂಡ್ಲುಪೇಟೆ ತಾಲ್ಲೂಕಿಗೂ ಈ ವ್ಯವಸ್ಥೆ ಅನ್ವಯಿಸಿತು. ರೈತನು ಬ್ಯಾಂಕಿನಲ್ಲಿ ಸಾಲ ಪಡೆಯುವುದಕ್ಕೂ ನ್ಯಾಯಾಲಯದಲ್ಲಿ ಹಕ್ಕನ್ನು ಸಾಧಿಸುವುದಕ್ಕೂ ಆ ಪಹಣಿಯೇ ಬೇಕು. ಇಂತಹ ಕಡತ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುವಾಗ ನಡುವೆ ಒಂದು ಸಾಲು ಕೆಟ್ಟು, ಕೆಟ್ಟುದು ಯಾರಿಗೂ ತಿಳಿಯದೆ ಹೋದರೆ, ಹೋಲಿಸಿ ನೋಡುವುದಕ್ಕೆ ಚಾಲ್ತಿಯಲ್ಲಿರುವ ಮತ್ತೊಂದು ಪ್ರತಿ ಇರುವುದಿಲ್ಲ.

ಇಲ್ಲಿ ಎರಡು ಪಾರಿಭಾಷಿಕ ಪದಗಳನ್ನು ವಿವರಿಸುವುದು ಅವಶ್ಯ. ಕ್ರಮವಿಧಿಗೆ, ಎಂದರೆ ಪ್ರೋಗ್ರಾಮಿಗೆ, ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಬೈಟುಗಳು ಒಂದರ ಹಿಂದೆ ಒಂದರಂತೆ ಸಾಗುವುದಷ್ಟೆ. ಈ ಸಾಗಣೆಗೆ ‘ಪ್ರವಾಹ’ ಅಥವಾ ಸ್ಟ್ರೀಮ್ ಎಂದು ಹೆಸರು. ಪ್ರವಾಹದ ಇನ್ನೊಂದು ತುದಿ ಕಡತವಾಗಿರಬಹುದು, ಕೀಲಿಮಣೆಯಾಗಿರಬಹುದು, ದೂರದ ಯಂತ್ರವಾಗಿರಬಹುದು. ಎರಡನೆಯ ಪದ ‘ಅಪವಾದ’. ಉತ್ಸರ್ಗ ಮತ್ತು ಅಪವಾದ ಎಂಬ ಜೋಡಿ ನಮ್ಮ ವ್ಯಾಕರಣಶಾಸ್ತ್ರದಲ್ಲಿ ಹಳೆಯದು. ಸಾಮಾನ್ಯ ವಿಧಿ ಉತ್ಸರ್ಗ; ಗೊತ್ತಾದ ಸಂದರ್ಭದಲ್ಲಿ ಅದನ್ನು ತಡೆದು ತಾನು ಪ್ರವರ್ತಿಸುವ ವಿಶೇಷ ವಿಧಿ ಅಪವಾದ. ಎಕ್ಸೆಪ್ಷನ್ ಎಂಬ ಗಣಕಶಾಸ್ತ್ರದ ಮಾತಿಗೆ ಈ ಪದವನ್ನು ನಾವು ಬಳಸುವುದಕ್ಕೆ ಕಾರಣ ಇದೆ: ಎರಡು ಕಡೆಯೂ ವಿಶೇಷ ಸಂದರ್ಭವನ್ನು ಶಾಸ್ತ್ರಕಾರನೇ ಮುಂದಾಗಿ ಊಹಿಸಿ, ಅದಕ್ಕೆ ಬೇರೆ ಎಡೆಯಲ್ಲಿ ವಿಧಿಯನ್ನು ಹೇಳಿರುತ್ತಾನೆ.

ಪ್ರವಾಹದಲ್ಲಿ ತೋರುವ ತೊಡಕುಗಳು ಒಂದೇ ಬಗೆಯವಲ್ಲ. ಕಡತವೇ ಇಲ್ಲದಿರಬಹುದು, ಅಥವಾ ತೆರೆಯಲು ಅನುಮತಿ ಇಲ್ಲದಿರಬಹುದು. ತಟ್ಟೆ ಅಥವಾ ತಂತಿ ಕೆಟ್ಟು ಓದು ನಡುವೆಯೇ ನಿಲ್ಲಬಹುದು. ಬೈಟುಗಳು ಬಂದರೂ ಅವು ನಿರೀಕ್ಷಿಸಿದ ರೂಪದಲ್ಲಿ ಇಲ್ಲದಿರಬಹುದು. ಕೊನೆಯದಾಗಿ, ಕಡತ ಮುಗಿದುಹೋಗಬಹುದು. ಇವುಗಳಲ್ಲಿ ಕೊನೆಯದು ದೋಷವಲ್ಲ; ಎಲ್ಲ ಕಡತಗಳೂ ಒಂದೆಡೆ ಮುಗಿಯಲೇಬೇಕು. ಮುಂದೆ ಹೇಳಲಿರುವ ಗೊಂದಲಗಳಲ್ಲಿ ಬಹುಪಾಲು, ಮುಕ್ತಾಯವನ್ನೂ ದೋಷವನ್ನೂ ಒಂದೇ ಚೀಲಕ್ಕೆ ಹಾಕಿದುದರಿಂದ ಹುಟ್ಟಿದವು.

೩

ಆರಂಭಕಾಲದ ಭಾಷೆಗಳಲ್ಲಿ ದೋಷದ ವಿಚಾರ ಓದುವ ಆಜ್ಞೆಗೇ ಅಂಟಿಕೊಂಡಿತ್ತು. ೧೯೬೦ರ ಕೋಬಾಲ್ ಭಾಷೆಯಲ್ಲಿ ‘ಓದು’ ಎಂಬ ಆಜ್ಞೆಯ ಜೊತೆಗೆ ‘ಮುಗಿದಾಗ ಹೀಗೆ ಮಾಡು’ ಎಂಬ ಉಪವಾಕ್ಯ ಬರುತ್ತಿತ್ತು. ವ್ಯಾಪಾರದ ಲೆಕ್ಕಕ್ಕಾಗಿ ಹುಟ್ಟಿದ ಆ ಭಾಷೆ ಮುಕ್ತಾಯವನ್ನು ಸಹಜವೆಂದೇ ಎಣಿಸಿತು ಎಂಬುದು ಗಮನಾರ್ಹ. ಫೋರ್ಟ್ರಾನ್ ಭಾಷೆಯ ೧೯೭೭ರ ರೂಪದಲ್ಲಿ ಮುಕ್ತಾಯಕ್ಕೆ ಒಂದು, ದೋಷಕ್ಕೆ ಒಂದು ಎಂದು ಎರಡು ಪ್ರತ್ಯೇಕ ಸೂಚನೆಗಳನ್ನೂ, ಸ್ಥಿತಿಯನ್ನು ತಿಳಿಸುವ ಒಂದು ಸಂಖ್ಯೆಯನ್ನೂ ಒದಗಿಸಲಾಯಿತು.

೧೯೬೯ರಿಂದ ಬೆಲ್ ಪ್ರಯೋಗಶಾಲೆಯಲ್ಲಿ ಬೆಳೆದ ಯೂನಿಕ್ಸ್ ವ್ಯವಸ್ಥೆಯೂ ಅದರ ಜೊತೆಗಿನ ಸಿ ಭಾಷೆಯೂ ಬೇರೊಂದು ದಾರಿಯನ್ನು ಹಿಡಿದವು. ಓದುವ ಕಾರ್ಯ ತಾನು ಓದಿದ ಬೈಟುಗಳ ಸಂಖ್ಯೆಯನ್ನು ಉತ್ತರವಾಗಿ ಕೊಡುತ್ತದೆ. ಸೊನ್ನೆ ಬಂದರೆ ಕಡತ ಮುಗಿಯಿತು, ಋಣ ಒಂದು ಬಂದರೆ ದೋಷ. ದೋಷದ ಕಾರಣ ‘ಎರ್‌ನೋ’ ಎಂಬ ಪ್ರತ್ಯೇಕ ಸ್ಥಾನದಲ್ಲಿರುತ್ತದೆ. ಈ ಕ್ರಮ ಸರಳ, ಶೀಘ್ರ. ಆದರೆ ಅದು ಕೇಳುವವನ ಶ್ರದ್ಧೆಯನ್ನೇ ಸಂಪೂರ್ಣವಾಗಿ ಅವಲಂಬಿಸಿದೆ. ಉತ್ತರವನ್ನು ಪರೀಕ್ಷಿಸದೆ ಮುಂದೆ ಹೋದರೆ ಕ್ರಮವಿಧಿ ಏನೂ ಆಗದಂತೆ ನಡೆದುಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಸಿ ಭಾಷೆಯಲ್ಲಿ ಒಂದೊಂದೇ ಅಕ್ಷರವನ್ನು ಓದುವ ಕಾರ್ಯ, ಅಕ್ಷರ ಬರುವ ದಾರಿಯಲ್ಲೇ ಮುಕ್ತಾಯದ ಸಂಕೇತವನ್ನೂ ಕಳುಹಿಸುತ್ತದೆ. ಸಂಕೇತದ ಬೆಲೆ ಸಾಮಾನ್ಯವಾಗಿ ಋಣ ಒಂದು. ಉತ್ತರವನ್ನು ಒಂದು ಬೈಟಿನ ಇಕ್ಕಟ್ಟಾದ ಪಾತ್ರೆಯಲ್ಲಿ ಹಿಡಿದರೆ, ೨೫೫ ಎಂಬ ನಿಜವಾದ ಬೈಟಿಗೂ ಮುಕ್ತಾಯದ ಸಂಕೇತಕ್ಕೂ ಭೇದ ಉಳಿಯದೆ ಹೋಗಬಹುದು. ಆಗ ಕಡತ ಇನ್ನೂ ಇರುವಾಗಲೇ ಓದು ನಿಲ್ಲುತ್ತದೆ. ವಾರ್ತೆಯೂ ವಿಷಯವೂ ಒಂದೇ ಮಾರ್ಗದಲ್ಲಿ ಬಂದರೆ ಒಂದನ್ನು ಇನ್ನೊಂದೆಂದು ಭ್ರಮಿಸುವ ಅಪಾಯ ತಪ್ಪಿದ್ದಲ್ಲ.

೪

ದೋಷಕ್ಕೆ ಪ್ರತ್ಯೇಕ ಮಾರ್ಗ ಬೇಕೆಂಬ ವಿಚಾರ ವ್ಯವಸ್ಥಿತವಾಗಿ ಕಂಡುಬರುವುದು ಐಬಿಎಂ ಸಂಸ್ಥೆ ೧೯೬೪ರಿಂದ ರೂಪಿಸಿದ ಪಿಎಲ್/ಒನ್ ಭಾಷೆಯಲ್ಲಿ. ‘ಇಂಥ ಸ್ಥಿತಿ ಒದಗಿದರೆ ಇದನ್ನು ಮಾಡು’ ಎಂದು ಅಲ್ಲಿ ಮೊದಲೇ ಸಾರಿಡಬಹುದಾಗಿತ್ತು. ಕಡತದ ಮುಕ್ತಾಯ, ಸಾಗಣೆಯ ದೋಷ, ರೂಪಪರಿವರ್ತನೆಯ ದೋಷ, ಕಡತ ಸಿಕ್ಕದಿರುವುದು ಇವುಗಳಿಗೆ ಬೇರೆ ಬೇರೆ ಹೆಸರುಗಳಿದ್ದವು.

ಈ ವಿಚಾರವನ್ನು ಶಾಸ್ತ್ರೀಯವಾಗಿ ಚರ್ಚಿಸಿದವರು ಜಾನ್ ಗುಡ್‌ಇನಫ್. ೧೯೭೫ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳನ್ನು ನಮ್ಮ ಕಂದಾಯ ಆಡಳಿತದ ದೃಷ್ಟಾಂತದಿಂದ ವಿವರಿಸಬಹುದು. ಹೊಲದ ಎಲ್ಲೆ ತಪ್ಪಾಗಿದೆ ಎಂಬುದು ಮೊದಲು ಕಾಣುವುದು ಹಳ್ಳಿಯ ಗ್ರಾಮಲೆಕ್ಕಿಗನಿಗೆ. ಆದರೆ ಅದನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ಅಧಿಕಾರ ತಹಶೀಲ್ದಾರರದು; ಅವರಾದರೋ ಹೊಲವನ್ನು ಕಂಡವರಲ್ಲ. ಕ್ರಮವಿಧಿಯಲ್ಲೂ ಹೀಗೆಯೇ. ಬೈಟು ಬರಲಿಲ್ಲವೆಂಬುದು ಅತ್ಯಂತ ಕೆಳಗಿನ ಉಪವಿಧಿಗೆ ತಿಳಿಯುತ್ತದೆ. ಆದರೆ ಆ ಕಡತ ಬೇಕೇಬೇಕಾದುದೋ, ಇಲ್ಲದಿದ್ದರೂ ನಡೆಯುವುದೋ, ಮತ್ತೊಮ್ಮೆ ಪ್ರಯತ್ನಿಸಬೇಕೋ ಎಂಬುದನ್ನು ತೀರ್ಮಾನಿಸಬಲ್ಲುದು ಮೇಲಿನ ವಿಧಿ ಮಾತ್ರ. ಸಿ ಭಾಷೆಯ ಕ್ರಮದಲ್ಲಿ ನಡುವಿನ ಪ್ರತಿಯೊಬ್ಬನೂ ವಾರ್ತೆಯನ್ನು ಕೈಯಿಂದ ಕೈಗೆ ದಾಟಿಸಬೇಕು. ಒಬ್ಬನು ಮರೆತರೂ ವಾರ್ತೆ ಅಲ್ಲಿಯೇ ನಿಲ್ಲುತ್ತದೆ. ಅಪವಾದದ ಕ್ರಮದಲ್ಲಿ ಕೆಳಗಿನವನು ಎಸೆದ ವಾರ್ತೆ, ಅದನ್ನು ಹಿಡಿಯುವೆನೆಂದು ಮೊದಲೇ ಸಾರಿಕೊಂಡವನವರೆಗೆ ತಾನಾಗಿಯೇ ಏರುತ್ತದೆ. ಯಾರೂ ಹಿಡಿಯದಿದ್ದರೆ ಕ್ರಮವಿಧಿ ನಿಲ್ಲುತ್ತದೆ.

ಬಾರ್ಬರಾ ಲಿಸ್ಕೋವ್ ಮತ್ತು ಅಲನ್ ಸ್ನೈಡರ್ ೧೯೭೯ರಲ್ಲಿ ಕ್ಲೂ ಭಾಷೆಯ ಅಪವಾದಕ್ರಮವನ್ನು ನಿರೂಪಿಸಿದರು. ೧೯೮೩ರ ಏಡಾ ಭಾಷೆಯಲ್ಲಿ ಆದಾನ ಪ್ರದಾನಗಳಿಗೆಂದೇ ಅಪವಾದಗಳ ಒಂದು ಪಟ್ಟಿ ಸಿದ್ಧವಾಯಿತು. ಹೆಸರಿನ ದೋಷ, ಬಳಕೆಯ ದೋಷ, ಸಾಧನದ ದೋಷ, ದತ್ತದ ದೋಷ ಮುಂತಾದವು ಅದರಲ್ಲಿವೆ. ಮುಕ್ತಾಯವನ್ನು ದಾಟಿ ಓದಲು ಹೋಗುವುದೂ ಅಲ್ಲಿ ಅಪವಾದವೇ. ಆದರೆ ಮುಗಿಯಿತೇ ಎಂದು ಮೊದಲೇ ಕೇಳಿಕೊಳ್ಳುವ ಮಾರ್ಗವನ್ನೂ ಆ ಭಾಷೆ ಕೊಟ್ಟಿದೆ.

೫

ಇಲ್ಲಿಂದ ಮುಂದೆ ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಕಲಿಸುವ ಸಿ++ ಭಾಷೆಯ ವಿಚಾರಕ್ಕೆ ಬರುತ್ತೇವೆ. ಆ ಭಾಷೆಯಲ್ಲಿ ಪ್ರವಾಹದ ದೋಷಗಳು ಅಪವಾದಗಳಾಗಿ ತಾವಾಗಿಯೇ ಎದ್ದು ಬರುವುದಿಲ್ಲ. ಕೇಳಿಕೊಂಡರೆ ಮಾತ್ರ ಬರುತ್ತವೆ. ಇದನ್ನು ಕಂಡು ವಿದ್ಯಾರ್ಥಿಗಳು ಆಶ್ಚರ್ಯಪಡುವುದುಂಟು. ಕಾರಣ ತರ್ಕದಲ್ಲಿಲ್ಲ, ಕಾಲಾನುಕ್ರಮದಲ್ಲಿದೆ. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಪ್ರವಾಹಗಳ ಮೊದಲ ಭಂಡಾರವನ್ನು ರಚಿಸಿದುದು ೧೯೮೪ರಲ್ಲಿ. ಜೆರ್ರಿ ಶ್ವಾರ್ಟ್ಸ್ ಅದನ್ನು ಅದೇ ದಶಕದ ಕೊನೆಯ ಹೊತ್ತಿಗೆ ಹೊಸದಾಗಿ ಕಟ್ಟಿದರು. ಅಪವಾದಗಳನ್ನು ಕುರಿತ ಆಂಡ್ರ್ಯೂ ಕೋನಿಗ್ ಮತ್ತು ಸ್ಟ್ರೌಸ್ಟ್ರುಪ್ ಅವರ ನಿರೂಪಣೆ ಹೊರಬಂದುದು ೧೯೯೦ರಲ್ಲಿ. ಪ್ರವಾಹಗಳು ಹುಟ್ಟಿದಾಗ ಎಸೆಯುವುದಕ್ಕೆ ಅಪವಾದವೇ ಇರಲಿಲ್ಲ. ಆದುದರಿಂದ ಪ್ರತಿಯೊಂದು ಪ್ರವಾಹವೂ ತನ್ನ ಮೈಮೇಲೆಯೇ ಸ್ಥಿತಿಯ ಗುರುತುಗಳನ್ನು ಹೊತ್ತುಕೊಂಡಿತು: ಮುಕ್ತಾಯಕ್ಕೆ ‘ಇಓಎಫ್‌ಬಿಟ್’, ರೂಪದ ಸೋಲಿಗೆ ‘ಫೇಲ್‌ಬಿಟ್’, ಪ್ರವಾಹವೇ ಕೆಟ್ಟುದಕ್ಕೆ ‘ಬ್ಯಾಡ್‌ಬಿಟ್’. ೧೯೯೮ರ ಪ್ರಮಾಣಗ್ರಂಥ ಹಳೆಯ ಬರಹಗಳನ್ನು ಕೆಡಿಸದೆ ಹೊಸ ಮಾರ್ಗವನ್ನು ಸೇರಿಸಬೇಕಾಗಿತ್ತು. ಯಾವ ಗುರುತು ಎದ್ದಾಗ ಅಪವಾದವನ್ನು ಎಸೆಯಬೇಕೆಂಬುದನ್ನು ‘ಎಕ್ಸೆಪ್ಷನ್ಸ್’ ಎಂಬ ಕಾರ್ಯದ ಮೂಲಕ ತಿಳಿಸಬಹುದೆಂದೂ, ತಿಳಿಸದಿದ್ದರೆ ಮೌನವೇ ನಿಯಮವೆಂದೂ ಅದು ವಿಧಿಸಿತು.

ಈ ಮೌನದ ಬೆಲೆಯನ್ನು ಒಂದು ಕಲ್ಪಿತ ಕಡತದಿಂದ ಅಳೆಯಬಹುದು. ಒಂದು ಗ್ರಾಮದ ೩೦೦ ಸಾಲುಗಳಲ್ಲಿ ಹಿಡುವಳಿದಾರನ ಹೆಸರೂ ವಿಸ್ತೀರ್ಣವೂ ಇವೆ ಎಂದಿಟ್ಟುಕೊಳ್ಳೋಣ. ೧೨೦ನೆಯ ಸಾಲಿನಲ್ಲಿ ಬರಹಗಾರನು ‘2’ ಎಂಬುದರ ಬದಲು ಕನ್ನಡ ಅಂಕಿಯಲ್ಲಿ ‘೨’ ಎಂದು ಬರೆದಿದ್ದಾನೆ. ಸಂಖ್ಯೆಯನ್ನು ಓದುವ ಸಿ++ ಪ್ರವಾಹಕ್ಕೆ ಅದು ಅಂಕಿಯೆಂದು ತೋರುವುದಿಲ್ಲ; ಫೇಲ್‌ಬಿಟ್ ಏಳುತ್ತದೆ. ಅದನ್ನು ಇಳಿಸುವವರೆಗೆ ಮುಂದಿನ ಓದುಗಳೆಲ್ಲ ಏನನ್ನೂ ಮಾಡದೆ ಹಿಂದಿರುಗುತ್ತವೆ. ಕ್ರಮವಿಧಿ ಗುರುತನ್ನು ನೋಡದೆ ೩೦೦ ಸಲ ಓದಿ ಬರೆದರೆ, ೧೨೦ನೆಯವನ ಹೆಸರೇ ೧೮೧ ಸಾಲುಗಳಲ್ಲಿ ನಿಲ್ಲುತ್ತದೆ. ವಿಸ್ತೀರ್ಣವೋ? ೧೯೯೮ರ ವಿಧಿಯಂತೆ ಹಿಂದಿನ ಸಾಲಿನ ಬೆಲೆ ಹಾಗೆಯೇ ಉಳಿಯುತ್ತದೆ, ಎಂದರೆ ೧೧೯ನೆಯವನ ಹೊಲ ಅವನ ಹೆಸರಿಗೆ ಸೇರುತ್ತದೆ. ೨೦೧೧ರ ಪ್ರಮಾಣದಂತೆ ಸೋತ ಓದು ಸೊನ್ನೆಯನ್ನು ಕೊಡುತ್ತದೆ. ಆಗ ಅವನಿಗೆ ಹೊಲವೇ ಇಲ್ಲ. ಯಾವ ಪಕ್ಷದಲ್ಲೂ ೧೨೧ನೆಯವನಿಂದ ಕೊನೆಯವನವರೆಗೆ ಎಲ್ಲರೂ ದಾಖಲೆಯಿಂದ ಮಾಯವಾಗುತ್ತಾರೆ. ಯಂತ್ರವಾದರೋ ಕೆಲಸವನ್ನು ಮುಗಿಸಿ ತೃಪ್ತಿಯಿಂದ ನಿಲ್ಲುತ್ತದೆ.

ಹಾಗಾದರೆ ಎಲ್ಲ ಗುರುತುಗಳನ್ನೂ ಅಪವಾದಕ್ಕೆ ಒಪ್ಪಿಸಿಬಿಡಬಹುದೇ? ಅದೂ ಸುಗಮವಲ್ಲ. ಕಡತದ ಕೊನೆಯಲ್ಲಿ ಮತ್ತೊಂದು ಸಾಲನ್ನು ಓದಲು ಹೋದಾಗ ಇಓಎಫ್‌ಬಿಟ್ಟಿನ ಜೊತೆಗೆ ಫೇಲ್‌ಬಿಟ್ ಕೂಡ ಏಳುತ್ತದೆ. ಫೇಲ್‌ಬಿಟ್ಟಿಗೆ ಅಪವಾದವನ್ನು ಕೋರಿದ್ದರೆ, ದೋಷವೇ ಇಲ್ಲದ ಕಡತವೂ ಅಪವಾದದಲ್ಲಿಯೇ ಮುಗಿಯುತ್ತದೆ. ಆದುದರಿಂದ ಒಂದು ಮಧ್ಯಮಮಾರ್ಗ ಉಚಿತವೆಂದು ನಮಗೆ ತೋರುತ್ತದೆ. ಬ್ಯಾಡ್‌ಬಿಟ್ಟಿಗೆ ಅಪವಾದವನ್ನು ಕೋರಬೇಕು. ಪ್ರತಿ ಓದಿನ ಬಳಿಕ ಫೇಲ್‌ಬಿಟ್ಟನ್ನು ಕೈಯಾರೆ ನೋಡಬೇಕು. ಓದು ನಿಂತ ಮೇಲೆ, ಕಡತ ಮುಗಿದು ನಿಂತಿತೋ ನಡುವೆ ಸೋತು ನಿಂತಿತೋ ಎಂಬುದನ್ನು ವಿಚಾರಿಸಬೇಕು. ನಡುವೆ ಸೋತಿದ್ದರೆ ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಸೇರಿಸಿ ನಾವೇ ಅಪವಾದವನ್ನು ಎಸೆಯಬೇಕು. ಭಂಡಾರವು ಎಸೆಯುವ ‘ಫೇಲ್ಯೂರ್’ ಎಂಬ ಅಪವಾದಕ್ಕೆ ಸಾಲಿನ ಸಂಖ್ಯೆ ತಿಳಿಯದು. ಸ್ಥಳವನ್ನು ಹೇಳದ ವಾರ್ತೆಯಿಂದ ತಿದ್ದುವವನಿಗೆ ಉಪಯೋಗ ಅಲ್ಪ.

ರೂಪ ಸರಿಯಾಗಿದ್ದರೂ ಅರ್ಥ ಕೆಟ್ಟಿರಬಹುದೆಂಬುದನ್ನು ಇಲ್ಲಿಯೇ ಹೇಳಬೇಕು. ಒಂದು ಎಕರೆಗೆ ೪೦ ಗುಂಟೆ. ‘೨ ಎಕರೆ ೪೩ ಗುಂಟೆ’ ಎಂಬ ಸಾಲನ್ನು ಯಾವ ಪ್ರವಾಹವೂ ಆಕ್ಷೇಪಿಸುವುದಿಲ್ಲ. ಅದನ್ನು ತಡೆಯುವ ವಿಧಿಯನ್ನು ಪಹಣಿಯನ್ನು ಬಲ್ಲವನೇ ಬರೆಯಬೇಕು.

೬

ಬರೆಯುವ ಪ್ರವಾಹದ ಸಮಸ್ಯೆ ಇದಕ್ಕಿಂತ ಗೂಢವಾದುದು. ಬರೆದ ಬೈಟುಗಳು ಕೂಡಲೇ ತಟ್ಟೆಯನ್ನು ಸೇರುವುದಿಲ್ಲ. ನಡುವಿನ ಒಂದು ಸಂಗ್ರಹದಲ್ಲಿ ನಿಂತು, ಅದು ತುಂಬಿದಾಗ ಅಥವಾ ಕಡತವನ್ನು ಮುಚ್ಚುವಾಗ ಹೊರಡುತ್ತವೆ. ತಟ್ಟೆಯಲ್ಲಿ ಸ್ಥಳ ಮುಗಿದಿದೆ ಎಂಬುದು ಎಷ್ಟೋ ವೇಳೆ ತಿಳಿಯುವುದು ಮುಚ್ಚುವ ಗಳಿಗೆಯಲ್ಲಿಯೇ. ಸಿ++ ಭಾಷೆಯಲ್ಲಿ ಕಡತದ ಪ್ರವಾಹ ಆಯುಷ್ಯ ತೀರಿದಾಗ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇದು ದೊಡ್ಡ ಅನುಕೂಲ: ನಡುವೆ ಅಪವಾದ ಎದ್ದರೂ ತೆರೆದ ಕಡತಗಳು ಅನಾಥವಾಗುವುದಿಲ್ಲ. ಆದರೆ ಹಾಗೆ ತಾನಾಗಿ ಮುಚ್ಚಿಕೊಳ್ಳುವಾಗ ಒದಗಿದ ದೋಷ ಹೊರಕ್ಕೆ ಬರುವುದಿಲ್ಲ. ಒಂದು ಅಪವಾದ ಏರುತ್ತಿರುವಾಗ ನಾಶಕ್ರಿಯೆಯಿಂದ ಇನ್ನೊಂದು ಹೊರಟರೆ ಕ್ರಮವಿಧಿಯೇ ನಿಲ್ಲಬೇಕೆಂಬುದು ಆ ಭಾಷೆಯ ನಿಯಮ. ಮುಖ್ಯವಾದ ದಾಖಲೆಯನ್ನು ಬರೆದಾಗ ಅದನ್ನು ಸ್ಪಷ್ಟವಾಗಿ ಮುಚ್ಚಿ, ಮುಚ್ಚಿದ ಮೇಲಿನ ಸ್ಥಿತಿಯನ್ನು ನೋಡುವುದೇ ಇದಕ್ಕೆ ಪರಿಹಾರ.

ಜಾವಾ ಭಾಷೆ ೧೯೯೬ರ ತನ್ನ ಮೊದಲ ಆವೃತ್ತಿಯಲ್ಲೇ ಆದಾನ ಪ್ರದಾನದ ದೋಷವನ್ನು ನಿರ್ಬಂಧದ ಅಪವಾದವಾಗಿ ಮಾಡಿತು. ಅದನ್ನು ಹಿಡಿಯಬೇಕು, ಅಥವಾ ಮೇಲಕ್ಕೆ ಬಿಡುವೆನೆಂದು ಬರಹದಲ್ಲಿ ಒಪ್ಪಿಕೊಳ್ಳಬೇಕು. ಎರಡೂ ಇಲ್ಲದ ಕ್ರಮವಿಧಿಯನ್ನು ಭಾಷಾಂತರಕಾರಕವೇ ತಿರಸ್ಕರಿಸುತ್ತದೆ. ಬಲವಂತಕ್ಕೆ ಬೇಸತ್ತ ಕೆಲವರು ಹಿಡಿದು ಏನೂ ಮಾಡದೆ ಬಿಡುವ ಅಭ್ಯಾಸವನ್ನು ಬೆಳೆಸಿಕೊಂಡುದರಿಂದ, ಹೊರಗೆ ಹಾಕಿದ ಮೌನ ಒಳಬಾಗಿಲಿನಿಂದ ಮರಳಿ ಬಂದಂತಾಯಿತು. ಮುಚ್ಚುವಾಗಿನ ದೋಷವನ್ನು ಮೊದಲ ದೋಷದ ಜೊತೆಗೆ ಕಟ್ಟಿ ಕಳುಹಿಸುವ ಏರ್ಪಾಡು ಆ ಭಾಷೆಗೆ ೨೦೧೧ರಲ್ಲಿ ಸೇರಿತು.

೭

ಕನ್ನಡದ ಕಡತಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿಯಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದ ಸ್ಥಾನವಿದೆ. ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದ ಯುಟಿಎಫ್-೮ ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ೩ ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ಗ’ ಎಂಬುದು ೨೨೪, ೧೭೮, ೧೫೧ ಎಂಬ ಮೂರು ಬೈಟುಗಳ ಸರಣಿ. ‘ಗುಂಡ್ಲುಪೇಟೆ’ ಎಂಬ ಹೆಸರಿನಲ್ಲಿ ಸ್ವರಚಿಹ್ನೆ, ಅನುಸ್ವಾರ, ವಿರಾಮಗಳೂ ಸೇರಿ ೧೧ ಸಂಕೇತಗಳಿವೆ. ಒಟ್ಟು ೩೩ ಬೈಟುಗಳು. ಕಡತವನ್ನು ೧೦೨೪ ಬೈಟುಗಳ ತುಂಡುಗಳಾಗಿ ಓದುವುದು ಸಾಮಾನ್ಯ. ನಡುವೆ ತೆರಪು ಇಲ್ಲದ ಕನ್ನಡ ಬರಹದಲ್ಲಿ ಅಂತಹ ಮೊದಲ ತುಂಡು ೩೪೧ ಸಂಕೇತಗಳನ್ನು ಪೂರ್ಣವಾಗಿಯೂ ಮುಂದಿನದರ ಒಂದು ಬೈಟನ್ನು ಮಾತ್ರವೂ ಹಿಡಿಯುತ್ತದೆ. ಆ ತುಣುಕನ್ನು ದೋಷವೆಂದು ಸಾರುವ ಕ್ರಮವಿಧಿ ತಪ್ಪುಮಾಡುತ್ತದೆ. ಉಳಿದ ೨ ಬೈಟುಗಳು ಬರುವವರೆಗೆ ಅದು ಕಾಯಬೇಕು.

ಬೈಟು ನಿಜವಾಗಿಯೇ ಕಳೆದುಹೋದಾಗ ಏನು ಮಾಡಬೇಕು? ೨೦೦೮ರಲ್ಲಿ ಹೊರಬಂದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಲ್ಲಿ ಮೂರು ಮುಖ್ಯ ಆಯ್ಕೆಗಳಿವೆ. ಏನನ್ನೂ ಹೇಳದಿದ್ದರೆ ಅದು ಕಟ್ಟುನಿಟ್ಟಾಗಿ ಅಪವಾದವನ್ನು ಎಸೆದು, ದೋಷ ಎಷ್ಟನೆಯ ಬೈಟಿನಲ್ಲಿದೆ ಎಂಬುದನ್ನೂ ತಿಳಿಸುತ್ತದೆ. ‘ಬದಲಿಸು’ ಎಂದರೆ ಕೆಟ್ಟ ಎಡೆಯಲ್ಲಿ ಒಂದು ಗೊತ್ತಾದ ಚಿಹ್ನೆಯನ್ನು ಇಡುತ್ತದೆ. ಇದು ಶಾಸನಸಂಪಾದಕನ ಚುಕ್ಕೆಗೆ ಸಮಾನ. ‘ಲೆಕ್ಕಿಸಬೇಡ’ ಎಂದರೆ ಕೆಟ್ಟುದನ್ನು ಗುರುತಿಲ್ಲದಂತೆ ಬಿಟ್ಟುಬಿಡುತ್ತದೆ. ಗುಂಡ್ಲುಪೇಟೆ ಎಂಬಲ್ಲಿ ಡಕಾರದ ಮುಂದಿನ ವಿರಾಮಸಂಕೇತದ ಕೊನೆಯ ಬೈಟು ಕಳೆದು ೩೨ ಬೈಟುಗಳು ಉಳಿದಿವೆ ಎನ್ನೋಣ. ಮೂರನೆಯ ಆಯ್ಕೆಯಂತೆ ಓದಿದರೆ ದೊರೆಯುವ ರೂಪ ‘ಗುಂಡಲುಪೇಟೆ’. ಇದನ್ನು ಓದಿ ಯಾರೂ ಅನುಮಾನಪಡುವುದಿಲ್ಲ. ಸ್ಥಳನಾಮಗಳನ್ನು ಅಭ್ಯಾಸಮಾಡುವ ಮುಂದಿನ ವಿದ್ವಾಂಸನು ಇದನ್ನು ಪಾಠಾಂತರವೆಂದು ಗಣಿಸಿ, ಉಚ್ಚಾರಣೆಯ ಬದಲಾವಣೆಯನ್ನು ಕುರಿತು ಒಂದು ಸಿದ್ಧಾಂತವನ್ನೇ ಕಟ್ಟಬಹುದು. ಹೆಸರು ಊರಿನದಾಗಿರದೆ ಹಿಡುವಳಿದಾರನದಾಗಿದ್ದರೆ, ಆಧಾರಪತ್ರಕ್ಕೂ ಪಹಣಿಗೂ ಹೆಸರು ಹೊಂದದೆ ಅವನು ಕಚೇರಿಗೆ ಅಲೆಯಬೇಕಾಗುತ್ತದೆ.

೮

ಅಪವಾದಕ್ರಮವನ್ನು ಎಲ್ಲರೂ ಒಪ್ಪಿಲ್ಲ. ೨೦೦೯ರಲ್ಲಿ ಪ್ರಕಟವಾದ ಗೋ ಭಾಷೆ ದೋಷವನ್ನು ಉತ್ತರದ ಜೊತೆಗೆ ಎರಡನೆಯ ಬೆಲೆಯಾಗಿ ಹಿಂದಿರುಗಿಸುತ್ತದೆ. ೨೦೧೫ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆ ಉತ್ತರವನ್ನೂ ದೋಷವನ್ನೂ ಒಂದೇ ಸಂಪುಟದಲ್ಲಿಟ್ಟು, ಸಂಪುಟವನ್ನು ತೆರೆದು ನೋಡದೆ ಉತ್ತರ ಸಿಕ್ಕದಂತೆ ಮಾಡಿದೆ. ಅಪವಾದ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದು ಬರಹದಲ್ಲಿ ಕಾಣುವುದಿಲ್ಲವೆಂಬುದು ಈ ಪಕ್ಷದವರ ಆಕ್ಷೇಪ. ಅದರಲ್ಲಿ ಹುರುಳಿದೆ.

ಯಾರೂ ಹಿಡಿಯದ ಅಪವಾದದ ಪರಿಣಾಮಕ್ಕೆ ೧೯೯೬ರ ಜೂನ್ ೪ರಂದು ನಾಶವಾದ ಏರಿಯಾನ್-೫ ಕ್ಷಿಪಣಿ ಪ್ರಸಿದ್ಧ ಉದಾಹರಣೆ. ೬೪ ಬಿಟ್ಟುಗಳ ಒಂದು ಸಂಖ್ಯೆಯನ್ನು ೧೬ ಬಿಟ್ಟುಗಳಿಗೆ ಇಳಿಸುವಾಗ ಏಡಾ ಭಾಷೆಯ ಕ್ರಮವಿಧಿಯಲ್ಲಿ ಅಪವಾದ ಎದ್ದಿತು, ಹಿಡಿಯುವವರಿರಲಿಲ್ಲ, ದಿಕ್ಸೂಚಕ ಉಪಕರಣ ನಿಂತಿತು. ಈ ಕಥೆಯ ಉತ್ತರಾರ್ಧ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ನಿಲ್ಲುವ ಮುನ್ನ ಉಪಕರಣ ಕಳುಹಿಸಿದ ದೋಷದ ವಿವರವನ್ನು ಮುಖ್ಯ ಗಣಕ ಹಾರಾಟದ ದತ್ತವೆಂದೇ ಓದಿ, ಅದಕ್ಕೆ ತಕ್ಕಂತೆ ಕ್ಷಿಪಣಿಯನ್ನು ತಿರುಗಿಸಿತು. ಹಳೆಯ ಸಿ ಭಾಷೆಯ ಬೈಟು ೨೫೫ರ ಭ್ರಮೆಯೇ ಇಲ್ಲಿ ದೊಡ್ಡ ರೂಪದಲ್ಲಿ ಮರುಕಳಿಸಿದೆ.

ಮೇಲಿನ ವಿವೇಚನೆಯಿಂದ ಫಲಿಸುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಉತ್ತರವನ್ನು ಪರೀಕ್ಷಿಸುವ ಹಳೆಯ ಕ್ರಮದಲ್ಲಿ ಅಲಕ್ಷ್ಯದ ಫಲ ಮೌನ. ಅಪವಾದಕ್ರಮದಲ್ಲಿ ಅಲಕ್ಷ್ಯದ ಫಲ ನಿಲುಗಡೆ. ಹಾರುವ ಯಂತ್ರಕ್ಕೆ ನಿಲುಗಡೆಯೇ ವಿನಾಶವಾಗಬಹುದು. ದಾಖಲೆಯ ವಿಷಯ ಹಾಗಲ್ಲ. ತಾಲ್ಲೂಕು ಕಚೇರಿಯ ಕೆಲಸ ಅರ್ಧ ದಿನ ನಿಂತರೆ ಜನಕ್ಕೆ ತೊಂದರೆಯಾಗುತ್ತದೆ, ಮರುದಿನ ಅದು ಸರಿಹೋಗುತ್ತದೆ. ಅರಿವಿಲ್ಲದೆ ಬರೆದ ತಪ್ಪು ಸಾಲು ಮಾತ್ರ ಮುಂದಿನ ಪ್ರತಿಗಳಿಗೆಲ್ಲ ಹಬ್ಬಿ, ಕಾಲ ಕಳೆದಂತೆ ಪ್ರಮಾಣವೆನಿಸಿಕೊಳ್ಳುತ್ತದೆ. ಆದುದರಿಂದ ಹಕ್ಕು ಬಾಧ್ಯತೆಗಳ ಕಡತಗಳನ್ನು ಓದುವ ಬರೆಯುವ ಕ್ರಮವಿಧಿಗಳಲ್ಲಿ ದೋಷವು ಸದ್ದುಮಾಡುವ ಕ್ರಮವನ್ನೇ ಆರಿಸಬೇಕೆಂದೂ, ಸಹಜವಾದ ಮುಕ್ತಾಯವನ್ನು ಅದರಿಂದ ಬೇರ್ಪಡಿಸಬೇಕೆಂದೂ, ಎಸೆದ ವಾರ್ತೆಯಲ್ಲಿ ಕಡತ ಸಾಲುಗಳ ನಿರ್ದೇಶ ಇರಬೇಕೆಂದೂ ನಾವು ಅಭಿಪ್ರಾಯಪಡುತ್ತೇವೆ. ಚರಿತ್ರೆಯ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ಪರಿಚಯ ಪಡೆಯುವುದು ಉಚಿತ. ಈ ಕಾಲದ ಆಧಾರಗಳನ್ನು ನಾಳೆ ಪರೀಕ್ಷಿಸುವವರು ಅವರೇ. ಕಡತದಲ್ಲಿ ಚುಕ್ಕೆಗಳಿಲ್ಲದಿದ್ದಾಗ ಪಾಠ ಪೂರ್ಣವಾಗಿದೆಯೋ, ಚುಕ್ಕೆ ಹಾಕುವವನೇ ಇರಲಿಲ್ಲವೋ ಎಂಬುದನ್ನು ಅವರು ಕೇಳಬೇಕಾಗುತ್ತದೆ.